ಕವುಚಿಟ್ಟ ಬುಟ್ಟಿ

"ಮುಟ್ಟಬೇಡಿ! ಆ ಬುಟ್ಟಿ ಮುಟ್ಟಬೇಡಿ ಅಂದೆ!"

ಆ ಕೂಗಿಗೆ ಮಾರ್ಜೊಳೆಯ ಮೀನು ಮಾರುಕಟ್ಟೆಯ ಬೆಕ್ಕುಗಳು ಕೂಡ ತಲೆ ಎತ್ತಿ ನೋಡಿದವು.

ಆದರೆ ತಡವಾಗಿತ್ತು...

ಬಿಳಿ ಬಣ್ಣದ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡಿದ್ದ ಎತ್ತರದ ಹುಡುಗನೊಬ್ಬ, ಕಂಬದ ಪಕ್ಕ ಕವುಚಿಟ್ಟಿದ್ದ ಬುಟ್ಟಿಯನ್ನು ಆಗಲೇ ಎತ್ತಿ, ನೆಟ್ಟಗೆ ಮಾಡಿ, ಗೋಡೆಯ ಬದಿಗೆ ಸರಿಸಿಬಿಟ್ಟಿದ್ದ. ಬುಟ್ಟಿಯ ಮೇಲಿದ್ದ ಕಲ್ಲು ಇನ್ನೂ ಅವನ ಕೈಯಲ್ಲೇ ಇತ್ತು.

ಫ್ಲೋರಿಂಡಾ ಕುಲಾಸೊ ಕೊಡೆಯನ್ನು ಬಾಗಿಲಲ್ಲೇ ಬಿಸಾಡಿ ಓಡಿ ಬಂದಳು. ಮಳೆಯಲ್ಲಿ ನೆನೆದ ಕೂದಲು ಕೆನ್ನೆಗೆ ಅಂಟಿತ್ತು. ಕಣ್ಣಲ್ಲಿ ಕೆಂಡ!

"ಯಾರ್ರೀ ನೀವು? ನಮ್ಮ ಮಾಂಯ್ ಸತ್ತುಹೋದ್ಳು ಅಂತ ಯಾರು ಹೇಳಿದ್ರು ನಿಮಗೆ?"

"ಸತ್ತು... ಏನು? ನಾನು ನಗರಸಭೆ ಇಂಜಿನಿಯರ್ ಮೇಡಂ. ಎವರಿಸ್ಟೊ ಬಾರೆಟೊ. ಗೆರೆ ಎಳೆಯೋಕೆ ಬುಟ್ಟಿ ಅಡ್ಡ ಇತ್ತು, ತೆಗೆದಿಟ್ಟೆ... ಅಷ್ಟೇ."

"ಅಷ್ಟೇನಾ?"

ಸುತ್ತ ಕೂತಿದ್ದ ಹೆಂಗಸರೆಲ್ಲ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಹುಡುಗನ ಮುಖ ಬಿಳುಚಿಕೊಂಡಿತು. ತಾನು ಮಾಡಿದ್ದೇನು ಅಂತ ಅವನಿಗೆ ಪಾಪ ಗೊತ್ತೇ ಇರಲಿಲ್ಲ.

ನಮ್ಮೂರಲ್ಲಿ ಮೀನು ಮಾರುವ ಹೆಂಗಸಿಗೆ ಬರಲಾಗದಿದ್ದರೆ ತನ್ನ ಜಾಗದಲ್ಲಿ ಬುಟ್ಟಿ ಕವುಚಿಟ್ಟು, ಮೇಲೊಂದು ಕಲ್ಲು ಹೇರಿ ಹೋಗುತ್ತಾಳೆ. ಹೆರಿಗೆಯಿರಲಿ, ಜ್ವರವಿರಲಿ, ದೋಣಿಗಳು ಕಡಲಿಗೆ ಇಳಿಯದ ಮಳೆಗಾಲವಿರಲಿ, ಆ ಜಾಗದಲ್ಲಿ ಇನ್ನೊಬ್ಬಳು ಕೂರುವುದಿಲ್ಲ. ವಾಪಸ್ ಬಂದ ದಿನ ಬುಟ್ಟಿ ನೆಟ್ಟಗೆ ಮಾಡಬೇಕಾದವಳು ಅವಳೇ. ಬೇರೆಯವರು ಮಾಡುವುದು ಒಂದೇ ಸಲ, ಅವಳನ್ನು ಇಗರ್ಜಿಯ ಹಿಂದಿನ ಮಣ್ಣಿಗೆ ಒಪ್ಪಿಸಿ ಬಂದ ಮೇಲೆ.

ಫ್ಲೋರಿಂಡಾಳ ಮಾಂಯ್, ಅಂದರೆ ತಾಯಿ, ಎಸ್ಪೆರಾನ್ಸ್ ಸೊಂಟದ ಮೂಳೆ ಮುರಿದುಕೊಂಡು ಮನೆಯಲ್ಲಿ ಮಲಗಿದ್ದಳು. ಎದ್ದು ಬಂದು ಅದೇ ಕಂಬಕ್ಕೆ ಒರಗಿ ಕೂರುತ್ತೇನೆ ಅನ್ನುವ ಆಸೆಯೊಂದೇ ಅವಳನ್ನು ಬದುಕಿಸಿತ್ತು. ಮಗಳು ವಾರ್ಡಿನ ಸದಸ್ಯೆಯಾಗಿ ನಗರಸಭೆಗೆ ಆರಿಸಿ ಬಂದದ್ದು ಕೂಡ ಆಕೆಗೆ ಅದಕ್ಕಿಂತ ದೊಡ್ಡ ಸಂಗತಿಯಾಗಿರಲಿಲ್ಲ.

ಎದುರು ಸಾಲಿನಲ್ಲಿ ಮೀನು ಮಾರುವ ಹಿರಿಯಳು ಕಿತೇರಿ ತಿಯಾ ಎಲ್ಲವನ್ನೂ ಹುಡುಗನಿಗೆ ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನು ಮಂಡಿಯೂರಿದ. ಬುಟ್ಟಿಯನ್ನು ಮತ್ತೆ ಕವುಚಿಟ್ಟು, ಮೇಲೆ ಕಲ್ಲಿಟ್ಟು, ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಗೊಣಗಿದ.

"ಇಂಜಿನಿಯರ್ ಬಾಬಾ, ಪಾದ್ರಿ ಆಗ್ಬೇಕಾಗಿದ್ದೋನು ದಾರಿ ತಪ್ಪಿ ಇಲ್ಲಿಗೆ ಬಂದ್ಯಾ?" ಅಂದಳು ಕಿತೇರಿ ತಿಯಾ.

ಮಾರುಕಟ್ಟೆಯೇ ನಕ್ಕಿತು. ಫ್ಲೋರಿಂಡಾ ಮಾತ್ರ ತುಟಿ ಕಚ್ಚಿ ನಗು ತಡೆದಳು.

"ಕ್ಷಮಿಸಿ ಮೇಡಂ... ನಾನು ಗುಡ್ಡದ ಕಡೆಯವನು. ನಮ್ಮಲ್ಲಿ ಬುಟ್ಟಿ ಅಂದ್ರೆ ಗೇರುಹಣ್ಣು ತುಂಬೋಕೆ, ಬೇರೆ ಅರ್ಥ ಇಲ್ಲ. ಇಲ್ಲಿ ಕೂತಿರೋರಿಗೆ ಮಾತ್ರ ನಂಬರ್ ಹಾಕಿದ್ದೆ, ಕವುಚಿರೋದೆಲ್ಲ ಬೇಡವಾದ ಬುಟ್ಟಿ ಅಂದ್ಕೊಂಡೆ. ಎಲ್ಲಾ ಮೊದಲಿಂದ ಮಾಡ್ತೀನಿ. ಪ್ರತಿ ಬುಟ್ಟಿ ಪಕ್ಕದಲ್ಲೂ ನಂಬರ್ ಬರೀತೀನಿ. ಹೊಸ ಮಾರ್ಕೆಟಲ್ಲಿ ಎಲ್ಲರಿಗೂ ಜಾಗ ಸಿಗತ್ತೆ."

"ಮಾತು ಕೊಡ್ತೀರಾ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವನ ಮೂಗಿನ ತುದಿಗೆ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

"ಕೊಟ್ಟೆ."

ಯಾಕೋ ಆ ಒಂದು ಪದ ಫ್ಲೋರಿಂಡಾಳ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು...

* * *

ಮರುದಿನವೇ ಅವನು ಮನೆಗೆ ಬಂದ. ಕೈಯಲ್ಲಿ ಅವನಮ್ಮ ಹಿತ್ತಲಿನ ಮರದಿಂದ ಇಳಿಸಿ ಕಳಿಸಿದ ದೊಡ್ಡ ಜೀಗುಜ್ಜೆ.

ಕಿಟಕಿಯ ಪಕ್ಕ ಮಲಗಿದ್ದ ಎಸ್ಪೆರಾನ್ಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನ್ನನ್ನ ಸಾಯಿಸಿದ ಹುಡುಗ ನೀನೇನಾ?"

"ಹೌದು ಮಾಂಯ್... ತಪ್ಪಾಯ್ತು."

"ಬಂದು ಕೂತ್ಕೋ. ಸತ್ತೋರ ಮನೇಲಿ ಊಟ ಮಾಡದೆ ಹೋಗ್ಬಾರ್ದು!"

ಫ್ಲೋರಿಂಡಾ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕಳು. ಅನ್ನಕ್ಕೆ ಬಂಗುಡೆ ಸಾರು ಸುರಿಯುವಾಗ ದೊಡ್ಡ ತುಂಡನ್ನೇ ಹುಡುಕಿ ಅವನ ತಟ್ಟೆಗೆ ಹಾಕಿದಳು.

'ಅಯ್ಯೋ, ಬರೀ ಒಬ್ಬ ಇಂಜಿನಿಯರ್. ಮದುವೆ ಗಂಡು ಬಂದ ಹಾಗೆ ಆಡ್ತಿದ್ದೀಯಲ್ಲೇ!' ಅಂತ ತನಗೆ ತಾನೇ ಬೈದುಕೊಂಡಳು.

ಅವನು ಮೊದಲ ತುತ್ತಿಗೇ ಮುಳ್ಳು ಗಂಟಲಿಗೆ ಸಿಕ್ಕಿಸಿಕೊಂಡ. ಎಸ್ಪೆರಾನ್ಸ್ ಒಣ ಅನ್ನದ ಉಂಡೆ ನುಂಗಿಸಿದಳು. ಆಮೇಲೆ ಅವನ ತಟ್ಟೆಯ ಮೀನಿನ ಮುಳ್ಳು ಬಿಡಿಸಿಕೊಡುವ ಕೆಲಸ ಫ್ಲೋರಿಂಡಾಳದಾಯಿತು. ಅದೇ ಅಭ್ಯಾಸವಾಗಿಬಿಟ್ಟಿತು.

"ಹೊಸ ಮಾರ್ಕೆಟಲ್ಲೂ ನನಗೊಂದು ಕಂಬ ಬೇಕು ಪುತಾ. ಬೆನ್ನಿಗೆ," ಅನ್ನುತ್ತಿದ್ದಳು ಎಸ್ಪೆರಾನ್ಸ್.

"ಕಂಬ ಇರತ್ತೆ ಮಾಂಯ್. ನಿಮ್ಮ ಬೆನ್ನಿನ ಅಳತೆಗೇ ಕಟ್ಟಿಸ್ತೀನಿ."

ಮಾರುಕಟ್ಟೆಯ ನೆಲದ ತುಂಬ, ಒಂದೊಂದು ಬುಟ್ಟಿಯ ಪಕ್ಕದಲ್ಲೂ, ಬಿಳಿ ಅಂಕಿಗಳು ಮೂಡಿದವು. ಫ್ಲೋರಿಂಡಾ ಕೆಲವೊಮ್ಮೆ ಡಬ್ಬಿ ಹಿಡಿದು ಅವನ ಜೊತೆ ನಿಂತಳು. ಕಿತೇರಿ ತಿಯಾ ದೂರದಿಂದಲೇ ಕೆಮ್ಮುತ್ತಿದ್ದಳು.

"ಬಣ್ಣ ಒಣಗೋಕೆ ಇಷ್ಟು ಹೊತ್ತು ಬೇಕಾ ಫ್ಲೋರಿ ಬಾಯ್? ಇಲ್ಲಾ ನೀವಿಬ್ರೂ ಊದಿ ಊದಿ ಒಣಗಿಸ್ತಿದ್ದೀರಾ?"

ಸಂತ ಪೇತ್ರರ ಹಬ್ಬದ ಸಂಜೆ ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಊರೆಲ್ಲ ಹಾಡುತ್ತಾ ಕುಣಿಯುತ್ತಿತ್ತು. ದಡದಲ್ಲಿ ಅವರಿಬ್ಬರೇ ನಿಂತಿದ್ದರು. ಎವರಿಸ್ಟೊ ಅವಳತ್ತ ತಿರುಗಿದ.

"ಫ್ಲೋರಿ... ಮಾರ್ಕೆಟ್ ಠರಾವು ಪಾಸಾಗಲಿ. ಆಮೇಲೆ ನಿಮ್ಮ ಹತ್ರ ಒಂದು ಮಾತು ಕೇಳೋದಿದೆ."

ಅವಳ ಎದೆ ಡವಡವ ಅಂದಿತು. "ಈಗಲೇ ಕೇಳಿ."

"ಈಗ ಕೇಳಿದ್ರೆ, ಸದಸ್ಯರನ್ನ ಬುಟ್ಟಿಗೆ ಹಾಕ್ಕೊಂಡ ಅಂತಾರೆ ಜನ. ನಿಮಗೆ ಕೆಟ್ಟ ಹೆಸರು ಬೇಡ."

"ನನಗೆ ತಾಳ್ಮೆ ಕಮ್ಮಿ..."

"ಗೊತ್ತು," ಅಂದ ಅವನು, ನಗುತ್ತಾ. "ಮೊದಲ ದಿನವೇ ಗೊತ್ತಾಗಿದೆ."

ಆ ತಾಳ್ಮೆ ಇಲ್ಲದ್ದೇ ಮುಂದೆ ಎಷ್ಟು ಅಳಿಸುತ್ತದೆ ಅಂತ ಆಗ ಇಬ್ಬರಿಗೂ ಹೊಳೆಯಲಿಲ್ಲ!

* * *

ಆಗಸ್ಟ್ ತಿಂಗಳ ಸಭೆ.

ನಮ್ಮ ನಗರಸಭೆಯ ಸಭಾಂಗಣ ನೋಡಬೇಕು ನೀವು. ಫ್ಯಾನು ತಿರುಗಿದರೆ ಮಾತು ಕೇಳುವುದಿಲ್ಲ, ನಿಲ್ಲಿಸಿದರೆ ಯಾರಿಗೂ ಕೂರಲಾಗುವುದಿಲ್ಲ. ಅಧ್ಯಕ್ಷ ಗುರುದಾಸ್ ಶಿರೋಡ್ಕರ್ ಕುರ್ಚಿಗೆ ಹಸಿರು ಟವೆಲ್ ಹಾಸಿಕೊಂಡು ಕೂರುತ್ತಾರೆ. ಕೆಟ್ಟ ಮನುಷ್ಯರೇನಲ್ಲ, ಅವಸರದ ಮನುಷ್ಯರು. ಜಗಳ ಜೋರಾದ ಕೂಡಲೇ "ಚಹಾ ಬಂತು" ಅಂತ ಎದ್ದುಬಿಡುವುದು ಅವರ ರಾಜಕೀಯ.

ಬೀದಿನಾಯಿಗಳ ವಿಷಯಕ್ಕೆ ಅರ್ಧ ಗಂಟೆ ಕೂಗಾಟವಾಯಿತು. ಕಸದ ಗಾಡಿ ಯಾರ ಓಣಿಗೆ ಮೊದಲು ಬರಬೇಕು ಅನ್ನುವುದಕ್ಕೆ ಇಬ್ಬರು ಸದಸ್ಯರು ಪರಸ್ಪರರ ಅಜ್ಜಂದಿರವರೆಗೂ ಹೋದರು. ಇಗರ್ಜಿ ರಸ್ತೆಯ ದೀಪದ ವಿಷಯವನ್ನು ಎಂದಿನಂತೆ ಮುಂದಿನ ಸಭೆಗೆ ಹಾಕಲಾಯಿತು.

ಫ್ಲೋರಿಂಡಾಳ ಕಣ್ಣು ಮಾತ್ರ ಬಾಗಿಲ ಬಳಿಯ ಇಂಜಿನಿಯರ್ ಕುರ್ಚಿಯ ಮೇಲೆ. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಆದರೆ ಇವಳತ್ತ ನೋಡುತ್ತಿಲ್ಲ. ಮುಖ ಯಾಕೋ ಸಪ್ಪಗಿದೆ...

'ಏನಾಯ್ತು ಇವನಿಗೆ?'

"ಹೊಸ ಮೀನು ಮಾರುಕಟ್ಟೆ," ಅಂದರು ಅಧ್ಯಕ್ಷರು. ಗೋಡೆಯ ಮೇಲೆ ನಕ್ಷೆ ತೂಗುಹಾಕಲಾಯಿತು. "ಸಮೀಕ್ಷೆ ದಿನ ಕೂತು ಮಾರುತ್ತಿದ್ದವರಿಗೆ ಹೊಸ ಕಟ್ಟಡದಲ್ಲಿ ಜಾಗ. ಉಳಿದದ್ದು ಖಾಲಿ. ಖಾಲಿ ಜಾಗದಲ್ಲಿ ಅಂಗಡಿ ಮಳಿಗೆ ಬರುತ್ತದೆ."

ಖಾಲಿ?

ಫ್ಲೋರಿಂಡಾ ಎದ್ದು ನಕ್ಷೆಯ ಹತ್ತಿರ ಹೋದಳು. ಕಂಬದ ಪಕ್ಕ ಅಂಕಿಯಿಲ್ಲ. ಕಿತೇರಿ ತಿಯಾಳ ತಂಗಿಯ ಜಾಗದಲ್ಲಿ ಅಂಕಿಯಿಲ್ಲ. ಕವುಚಿಟ್ಟ ಒಂದೇ ಒಂದು ಬುಟ್ಟಿಗೂ ಅಂಕಿಯಿಲ್ಲ! ಕೆಳಗೆ ಅವನದೇ ಸಹಿ.

ಅವಳು ಆ ಸಹಿಯನ್ನು ಮತ್ತೊಮ್ಮೆ ಓದಿದಳು.

'ಹಾಗಾದ್ರೆ ನೆಲದ ಮೇಲೆ ಬರೆದ ಆ ಬಿಳಿ ಬಣ್ಣ...? ನನ್ನ ಕಣ್ಣಿಗೆ ಮಣ್ಣೆರಚೋಕಾ? ಮಾಂಯ್ ಕೈಯಾರೆ ಉಣ್ಣಿಸಿದ್ಳಲ್ಲ... ನಾನು ಮುಳ್ಳು ಬಿಡಿಸಿ ಕೊಟ್ಟೆನಲ್ಲ!'

"ಮೋಸ!" ಅವಳ ದನಿಗೆ ಫ್ಯಾನಿನ ಸದ್ದು ಅಡಗಿತು. "ಮನೆಗೆ ಬಂದು ಉಂಡು ಹೋದವರೇ ಬೆನ್ನಿಗೆ ಚೂರಿ ಹಾಕಿದ್ದಾರೆ!"

ಎಲ್ಲರ ಕತ್ತೂ ಇಂಜಿನಿಯರ್ ಕುರ್ಚಿಯತ್ತ ತಿರುಗಿತು. ಎವರಿಸ್ಟೊ ಅರ್ಧ ಎದ್ದ.

"ಅಧ್ಯಕ್ಷರೇ, ನಾನೊಂದು..."

"ಕೂತ್ಕೊಳಿ ಬಾರೆಟೊ. ಸದಸ್ಯರು ಯಾರಾದ್ರೂ ಪ್ರಶ್ನೆ ಕೇಳಿದ್ರೆ ಮಾತ್ರ ಅಧಿಕಾರಿ ಮಾತಾಡ್ಬೇಕು. ನಿಯಮ ಗೊತ್ತಿಲ್ವಾ?"

ಅವನು ಕೂರಲಿಲ್ಲ. ಫ್ಲೋರಿಂಡಾಳನ್ನೇ ನೋಡಿದ. ಆ ಕಣ್ಣುಗಳು ಏನನ್ನೋ ಬೇಡುತ್ತಿದ್ದವು... ಅವಳಿಗೆ ಅದರಲ್ಲಿ ಕಂಡದ್ದು ತಪ್ಪಿತಸ್ಥನ ಅಳುಕು ಮಾತ್ರ.

"ಈ ಸಭೆಗೆ ಧಿಕ್ಕಾರ! ನಾನು ಹೊರಗೆ ಹೋಗ್ತಿದ್ದೀನಿ!"

ನಮ್ಮೂರಲ್ಲಿ ವರ್ಷಕ್ಕೊಮ್ಮೆಯಾದರೂ ಸಭೆ ಬಿಟ್ಟು ಎದ್ದು ಹೋಗದವರನ್ನು ಜನ ಸದಸ್ಯರೆಂದೇ ಒಪ್ಪುವುದಿಲ್ಲ. ಮೆಟ್ಟಿಲ ಕೆಳಗೆ ಪತ್ರಿಕೆಯವರು ಫೋಟೋಗೆ ಕಾದಿರುತ್ತಾರೆ. ಫ್ಲೋರಿಂಡಾ ತನ್ನ ಕಡೆಯ ಸದಸ್ಯರನ್ನೂ ಕರೆದುಕೊಂಡು ದಡದಡ ಇಳಿದಳು. ಕೈ ಎತ್ತಿ ಘೋಷಣೆ ಕೂಗಿದಳು.

ಅವಳು ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಮೇಲೆ ಠರಾವು ಪಾಸಾಗಿತ್ತು. ಬೇಡ ಅನ್ನುವವರು ಒಳಗೆ ಯಾರೂ ಉಳಿದಿರಲಿಲ್ಲವಲ್ಲ...

* * *

ಸಭೆ ಮುಗಿದ ಮೇಲೆ ಅವನು ಓಡೋಡಿ ಬಂದ.

"ಫ್ಲೋರಿ! ನಿಂತ್ಕೊಳ್ಳಿ, ದಯವಿಟ್ಟು!"

"ಇಂಜಿನಿಯರ್ ಸಾಹೇಬ್ರೇ, ನನ್ನ ಹೆಸರು ಹಿಡಿದು ಕರೀಬೇಡಿ."

"ಒಂದೇ ಒಂದು ಪ್ರಶ್ನೆ ಕೇಳಿದ್ದಿದ್ರೆ ಸಾಕಿತ್ತು. ನಾನು ಕಾಯ್ತಾ ಇದ್ದೆ..."

"ಕೇಳೋದೇನಿದೆ? ಸಹಿ ಓದೋಕೆ ನನಗೆ ಬರತ್ತೆ. ಮಾಂಯ್‌ಗೆ ಏನು ಹೇಳ್ಲಿ? ಹುಡುಗ ಎರಡನೇ ಸಲ ಸಾಯಿಸಿದ ಅಂತ ಹೇಳ್ಲಾ?"

ಅವನ ಮುಖದಲ್ಲಿ ಏನೋ ಮುರಿದು ಬಿದ್ದಂತಾಯಿತು. ತನ್ನ ಕೊಡೆಯನ್ನು ಬಿಚ್ಚಿ ಅವಳ ಕೈಗಿಟ್ಟು, ತಾನು ಮಳೆಯಲ್ಲೇ ನಡೆದುಹೋದ.

ವಾರ ಕಳೆಯುವುದರೊಳಗೆ ಅವನಿಗೆ ಗುಡ್ಡದ ಕಡೆಯ ಊರಿಗೆ ವರ್ಗವಾಯಿತು. ಇಂಜಿನಿಯರ್ ಕುರ್ಚಿಗೆ ಬೇರೊಬ್ಬರು ಬಂದರು.

ಒಳ್ಳೆಯದೇ ಆಯಿತು ಅಂದುಕೊಂಡಳು ಫ್ಲೋರಿಂಡಾ. ಅಂದುಕೊಂಡಳು, ಅಷ್ಟೇ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಫೋನ್ ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ಬಾಗಿಲ ಮೂಲೆಯ ಆ ಕಪ್ಪು ಕೊಡೆಯನ್ನು ಒಳಗಿಡಲೂ ಆಗದೆ, ಬಿಸಾಡಲೂ ಆಗದೆ ಮನೆ ತುಂಬ ಹೊತ್ತು ತಿರುಗಿದಳು. ಊಟಕ್ಕೆ ಕೂತರೆ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದಳು, ಯಾರಿಗೋ ಅನ್ನುವ ಹಾಗೆ.

"ಆ ಹುಡುಗ ಯಾಕೆ ಬರ್ತಿಲ್ಲ?" ಎಸ್ಪೆರಾನ್ಸ್ ದಿನವೂ ಕೇಳುತ್ತಿದ್ದಳು.

"ಕೆಲಸ ಇರತ್ತೆ ಮಾಂಯ್."

"ನನ್ನ ಕಂಬ?"

ಮಗಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮಾರುಕಟ್ಟೆಯ ಹೆಂಗಸರಂತೂ ಬಿಡಲಿಲ್ಲ. "ನಮ್ಮ ಸದಸ್ಯೆ ಪೇಪರಲ್ಲಿ ಚೆಂದ ಕಾಣ್ತಾಳೆ ಬಿಡಿ! ಜಾಗ ಹೋಯ್ತು, ಫೋಟೋ ಬಂತು," ಅಂದಳೊಬ್ಬಳು. ಫ್ಲೋರಿಂಡಾ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆ ದಿನವೇ ಸುಲಭಾಬಾಯ್ ವೆರೆಂಕರ್ ಸಿಗಡಿ ಕೊಳ್ಳಲು ಬಂದದ್ದು. ಅಧ್ಯಕ್ಷರ ಕಡೆಯ ಹಿರಿಯ ಸದಸ್ಯೆ. ಫ್ಲೋರಿಂಡಾಳನ್ನು ಕಂಡು ಪಕ್ಕಕ್ಕೆ ಕರೆದರು.

"ಫ್ಲೋರಿ, ನೀನು ಬಾಗಿಲು ದಾಟಿದ ಮೇಲೆ ಒಳಗೆ ಏನಾಯ್ತು ಗೊತ್ತಾ ನಿನಗೆ?"

"ಠರಾವು ಪಾಸಾಯ್ತು."

"ಅದಕ್ಕೂ ಮೊದಲು. ಆ ಹುಡುಗ ಎದ್ದು ನಿಂತು ಕೂಗಿದ. 'ಇದು ಹಳೇ ನಕ್ಷೆ, ತಪ್ಪು ನಕ್ಷೆ, ಬುಟ್ಟಿ ಲೆಕ್ಕ ಹಾಕಿದ ಹೊಸದನ್ನ ಕೊಟ್ಟಿದ್ದೀನಿ' ಅಂತ. ಮೊದಲ ದಿನ ಮಾರ್ಕೆಟಲ್ಲಿ ನಿನ್ನ ಕೈಲಿ ಬೈಸಿಕೊಳ್ಳೋ ಮೊದಲೇ ಬರೆದಿದ್ದನಂತೆ ಗೋಡೆಗೆ ಹಾಕಿದ್ದನ್ನ. ಅಧ್ಯಕ್ಷರಿಗೆ ಅದೇ ಚೆನ್ನಾಗಿ ಕಾಣ್ತು. ಹಳೇದನ್ನೇ ತಂದಿದ್ದಾರೆ ಅಂತ ಅವನಿಗೆ ಗೊತ್ತಾಗಿದ್ದೇ ಸಭೆಗೆ ಬಂದ ಮೇಲೆ. ಖಾಲಿ ಜಾಸ್ತಿ ಇದ್ರೆ ಅಂಗಡಿ ಜಾಸ್ತಿ ಅಲ್ವಾ? ಅನುದಾನ ವಾಪಸ್ ಹೋಗತ್ತೆ ಅಂತ ಅವಸರ ಬೇರೆ."

ಫ್ಲೋರಿಂಡಾ ಕಂಬ ಹಿಡಿದುಕೊಂಡಳು.

"ಅಧ್ಯಕ್ಷರು ಏನಂದ್ರು?"

"ಸದಸ್ಯರು ಯಾರಾದ್ರೂ ಕೇಳಿದ್ರಾ ಅಂದ್ರು. ಯಾರೂ ಕೇಳಿರ್ಲಿಲ್ಲ. ನಾನ್ಯಾಕೆ ಕೇಳ್ಲಿಲ್ಲ ಅಂತ ಮಾತ್ರ ಕೇಳ್ಬೇಡ ಮಗಾ... ನಾನು ಅವರ ಪಕ್ಷದವಳು. ಅವತ್ತಿಂದ ನನಗೂ ಸರಿಯಾಗಿ ಊಟ ಸೇರ್ತಿಲ್ಲ."

ಒಂದೇ ಒಂದು ಪ್ರಶ್ನೆ ಕೇಳಿದ್ದಿದ್ರೆ ಸಾಕಿತ್ತು...

ಅವನ ಮಾತು ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು. ಆ ಕಣ್ಣು ಬೇಡಿದ್ದು ಏನನ್ನು ಅಂತ ಈಗ ತಿಳಿಯಿತು. ಕೇಳುವ ಅಧಿಕಾರ ಆ ಸಭೆಯಲ್ಲಿ ತನಗಿತ್ತು. ಕೇಳಲಿಲ್ಲ. ಫೋಟೋಗೆ ಓಡಿದೆ!

"ಸಾಯ್ಬಾ ದೇವಾ... ನಾನೇನು ಮಾಡಿಬಿಟ್ಟೆ!"

ಅಲ್ಲೇ ಮೀನಿನ ನೀರಿನ ನಡುವೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ತನ್ನ ತಾಯಿಯ ಬುಟ್ಟಿಯ ಪಕ್ಕ ಅವನು ಬರೆದ ಬಿಳಿ ಅಂಕಿ ಹಾಗೇ ಇತ್ತು. ಅದರ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು.

ಸುಲಭಾಬಾಯ್ ಅವಳ ತಲೆ ಸವರಿದರು. "ಅತ್ತಿದ್ದು ಸಾಕು. ಮುಂದಿನ ಸಭೇಲಿ ಹೋದ ಸಭೆಯ ನಡಾವಳಿ ಓದಿ ಒಪ್ಪಿಗೆ ತಗೋತಾರೆ. ತಡೆಯೋದಾದ್ರೆ ಅಲ್ಲೇ ತಡೀಬೇಕು. ಒಪ್ಪಿಗೆ ಆಗಿಹೋದ್ರೆ ಮುಗೀತು."

ಮನೆಗೆ ಬಂದವಳೇ ಫೋನ್ ತೆಗೆದಳು. ಬರೆದಳು, ಅಳಿಸಿದಳು. ಕ್ಷಮಿಸಿ ಅಂತ ಬರೆದರೆ ಅದು ತೀರ ಸಣ್ಣದಾಗಿ ಕಂಡಿತು. ಕೊನೆಗೆ ಇಷ್ಟು ಕಳಿಸಿದಳು:

'ಮಂಗಳವಾರ ಮಧ್ಯಾಹ್ನ ಸಭೆ ಇದೆ. ನಾನೊಂದು ಪ್ರಶ್ನೆ ಕೇಳೋದು ಬಾಕಿ ಇದೆ. ಬರ್ತೀರಾ?'

ಮೆಸೇಜಿನ ಕೆಳಗೆ ಎರಡು ಟಿಕ್ ನೀಲಿಯಾದವು, ಅವನು ಓದಿದ್ದ. ಉತ್ತರ ಬರಲಿಲ್ಲ.

* * *

ಮಂಗಳವಾರ ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಬಂದವಳು ಫ್ಲೋರಿಂಡಾ. ಕೈಯಲ್ಲಿ ತಾಯಿಯ ಇನ್ನೊಂದು ಹಳೇ ಬುಟ್ಟಿ. ಅದನ್ನು ಇಂಜಿನಿಯರ್ ಕುರ್ಚಿಯ ಮೇಲೆ ಕವುಚಿಟ್ಟು, ಮೇಲೊಂದು ಕಲ್ಲಿಟ್ಟಳು.

ಹೊಸ ಇಂಜಿನಿಯರ್ ಬಂದು ಕುರ್ಚಿಯನ್ನೂ, ಬೆಂಚುಗಳಲ್ಲಿ ತುಂಬಿಕೊಂಡಿದ್ದ ಮೀನಿನ ಹೆಂಗಸರನ್ನೂ ನೋಡಿದರು. ಕಿತೇರಿ ತಿಯಾ ಕಣ್ಣು ಕಿರಿದು ಮಾಡಿದಳು. ಪಾಪ, ಆ ಮನುಷ್ಯ ಗೋಡೆಗೆ ಒರಗಿ ನಿಂತುಬಿಟ್ಟರು.

ಫ್ಲೋರಿಂಡಾಳ ಕಣ್ಣು ನಿಮಿಷಕ್ಕೊಮ್ಮೆ ಬಾಗಿಲಿಗೆ. ಬಸ್ಸು ಬಂದಿರಬಹುದಾ? ಹೊರಟೇ ಇಲ್ಲವಾ? ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಎದೆ ಹಾರುತ್ತಿತ್ತು. ಬರುತ್ತಿದ್ದದ್ದು ನೀರಿನ ಲೋಟ ತರುವವನು.

"ಹೋದ ಸಭೆಯ ನಡಾವಳಿ. ಎಲ್ಲರ ಒಪ್ಪಿಗೆ ಇದೆಯಲ್ಲ?" ಅಧ್ಯಕ್ಷರು ಅವಸರಿಸಿದರು.

"ಇಲ್ಲ," ಅಂದಳು ಫ್ಲೋರಿಂಡಾ.

ಗದ್ದಲವೆದ್ದಿತು. ಒಬ್ಬರು ಮೇಜು ಕುಟ್ಟಿದರು. "ನೀವೇ ಎದ್ದು ಹೋಗಿದ್ರಲ್ಲಾ? ಈಗೇನು?" ಅಂತ ಇನ್ನೊಬ್ಬರು ಚುಚ್ಚಿದರು.

"ಹೌದು. ಎದ್ದು ಹೋಗಿದ್ದು ನನ್ನ ತಪ್ಪು. ಇವತ್ತು ಹೋಗಲ್ಲ. ಕಟ್ಟಿ ಹಾಕಿದ ಹಾಗೆ ಇಲ್ಲೇ ಇರ್ತೀನಿ."

ಅಧ್ಯಕ್ಷರು ಗಡಿಯಾರ ನೋಡಿದರು. "ಚಹಾ ಬಂತು!"

ಸದಸ್ಯರೆಲ್ಲ ಪಕ್ಕದ ಕೋಣೆಗೆ ನುಗ್ಗಿದರು. ಬಟಾಟಾ ವಡೆಯ ವಾಸನೆ ಹರಡಿತು. ಫ್ಲೋರಿಂಡಾ ತನ್ನ ಕುರ್ಚಿ ಬಿಟ್ಟು ಏಳಲಿಲ್ಲ. ಕಿತೇರಿ ತಿಯಾಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದಳು.

ಬಾಯಿ ಒರೆಸಿಕೊಂಡು ವಾಪಸ್ ಬಂದ ಸದಸ್ಯರು ಬಾಗಿಲಲ್ಲೇ ನಿಂತರು.

ಅವರ ಒಂದೊಂದು ಕುರ್ಚಿಯಲ್ಲೂ ಒಬ್ಬೊಬ್ಬ ಮೀನಿನ ಹೆಂಗಸು! ಅಧ್ಯಕ್ಷರ ಕುರ್ಚಿಯಲ್ಲಿ, ಹಸಿರು ಟವೆಲ್ ಮೇಲೆ, ಕಾಲು ಮಡಚಿ ಕೂತವಳು ಕಿತೇರಿ ತಿಯಾ.

"ಏಯ್, ಏನಿದು? ಏಳಿ ಮೇಲೆ! ಅದು ನನ್ನ ಕುರ್ಚಿ!"

"ನಿಮ್ದಾ? ಖಾಲಿ ಇತ್ತಲ್ಲ ಪಾತ್ರಾಂವ್ ಸಾಹೇಬ್ರೇ."

"ಖಾಲಿ ಎಲ್ಲಿತ್ತು? ಚಹಾ ಕುಡಿಯೋಕೆ ಹೋಗಿದ್ದೆ!"

"ನಾವು ಬಂದು ನೋಡಿದಾಗ ಯಾರೂ ಕೂತಿರ್ಲಿಲ್ಲ. ಕೂತಿರದಿದ್ರೆ ಖಾಲಿ ಅಂತ ನೀವೇ ಪಾಸ್ ಮಾಡಿದ್ದೀರಂತೆ?"

"ಟವೆಲ್ ಇತ್ತಲ್ಲಮ್ಮಾ!" ಅಧ್ಯಕ್ಷರು ಕೂಗಿಕೊಂಡರು. "ನನ್ನ ಟವೆಲ್ ಕಣ್ಣಿಗೆ ಕಾಣ್ಲಿಲ್ವಾ?"

ಮಾತು ಬಾಯಿಂದ ಬಿದ್ದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು.

ಫ್ಲೋರಿಂಡಾ ಎದ್ದು ನಿಂತಳು. ಇವತ್ತು ಕೂಗಲಿಲ್ಲ.

"ಅಧ್ಯಕ್ಷರೇ, ಟವೆಲ್ ಇಟ್ಟು ಹೋದ್ರೆ ಜಾಗ ನಿಮ್ದು. ಬುಟ್ಟಿ ಇಟ್ಟು ಹೋದ್ರೆ ನಮ್ಮ ಮಾಂಯ್‌ದು ಅಲ್ವಾ?"

ಮೊದಲು ನಕ್ಕವರು ಸುಲಭಾಬಾಯ್. ಆಮೇಲೆ ಆ ನಗು ಎರಡೂ ಪಕ್ಷದವರಿಗೆ ಹರಡಿತು. ಗೋಡೆಗೆ ಒರಗಿದ್ದ ಹೊಸ ಇಂಜಿನಿಯರ್ ಕೂಡ ಮುಖ ತಿರುಗಿಸಿಕೊಂಡು ನಕ್ಕರು. ಅಧ್ಯಕ್ಷರ ಕಿವಿ ಕೆಂಪಾಯಿತು.

"ಆಯ್ತು, ಆಯ್ತು... ಆದ್ರೆ ಯಾವ ಬುಟ್ಟಿ ಯಾರದು, ಎಲ್ಲಿದೆ ಅಂತ ಈಗ ಹೊಸದಾಗಿ ಅಳೆಯೋಕೆ ಟೈಮ್ ಎಲ್ಲಿದೆ?"

"ಅಳೆಯೋದು ಬೇಡ. ಬಣ್ಣ ಇನ್ನೂ ನೆಲದ ಮೇಲೇ ಇದೆ."

ಆ ದನಿ!

ಫ್ಲೋರಿಂಡಾ ಗಕ್ಕನೆ ತಿರುಗಿದಳು. ಬಾಗಿಲಲ್ಲಿ ಎವರಿಸ್ಟೊ. ತಲೆಯಿಂದ ನೀರು ಸುರಿಯುತ್ತಿತ್ತು, ಅವನ ಕೊಡೆ ಅವಳ ಮನೆಯಲ್ಲಿತ್ತಲ್ಲ! ಬಡಕಲಾಗಿದ್ದ. ಆದರೂ ಅವನೇ...

"ಬಾರೆಟೊ, ನೀವು ಈಗ ಈ ಊರಿನ ಅಧಿಕಾರಿ ಅಲ್ಲ. ಇಲ್ಲಿ ಮಾತಾಡೋ ಹಾಗಿಲ್ಲ."

"ಸದಸ್ಯರು ಕೇಳಿದ್ರೆ?" ಫ್ಲೋರಿಂಡಾ ಒಂದು ಹೆಜ್ಜೆ ಮುಂದೆ ಬಂದಳು. "ನಾನು ಈ ಸಭೆಯ ಸದಸ್ಯೆ, ಕೇಳ್ತಿದ್ದೀನಿ. ಹೋದ ಸಭೇಲೇ ಕೇಳ್ಬೇಕಾಗಿತ್ತು. ಬಾರೆಟೊ ಅವರೇ... ಆ ಮಾರ್ಕೆಟಲ್ಲಿ ಖಾಲಿ ಜಾಗ ಇದೆಯಾ?"

ಅಧ್ಯಕ್ಷರು ಬಾಯಿ ತೆರೆದರು. ಸುಲಭಾಬಾಯ್ ಜೋರಾಗಿ ಹೇಳಿದರು. "ನಾನೂ ಸದಸ್ಯೆ. ನಾನೂ ಅದನ್ನೇ ಕೇಳ್ತಿದ್ದೀನಿ."

ಎವರಿಸ್ಟೊ ಅಧ್ಯಕ್ಷರನ್ನು ನೋಡಲಿಲ್ಲ. ಫ್ಲೋರಿಂಡಾಳನ್ನೇ ನೋಡುತ್ತಾ ಉತ್ತರ ಕೊಟ್ಟ.

"ಇಲ್ಲ. ಬುಟ್ಟಿ ಇದ್ದ ಕಡೆಯೆಲ್ಲ ಜನ ಇದ್ದಾರೆ. ಮಾರ್ಕೆಟ್ ರಸ್ತೆ ಆಚೆ ಇದೆ, ಬೇಕಾದ್ರೆ ಹೋಗಿ ನೋಡಿ. ಪ್ರತಿಯೊಂದಕ್ಕೂ ನಾನೇ ನಂಬರ್ ಹಾಕಿದ್ದೀನಿ. ಮೊದಲ ನಕ್ಷೆ ನನ್ನ ತಪ್ಪು. ಗೊತ್ತಿಲ್ಲದೆ ಮಾಡಿದ ತಪ್ಪು."

ಎಲ್ಲರೂ ರಸ್ತೆ ದಾಟಿ ಹೋಗಿ ನೋಡಿದರು. ವಾಪಸ್ ಬಂದು ಕೈ ಎತ್ತಿದರು. ಬುಟ್ಟಿಯಿರುವ ಪ್ರತಿ ಜಾಗಕ್ಕೂ ಹೊಸ ಮಾರುಕಟ್ಟೆಯಲ್ಲಿ ಜಾಗ ಅಂತ ಠರಾವು ತಿದ್ದಲಾಯಿತು. ಅಧ್ಯಕ್ಷರ ಕೈ ಕೊನೆಗೆ ಮೇಲೆ ಹೋಯಿತು, ಆದರೆ ಹೋಯಿತು. ಕಿತೇರಿ ತಿಯಾ ಟವೆಲ್ ಕೊಡವಿ, ಮತ್ತೆ ನೀಟಾಗಿ ಹಾಸಿ, ಅವರಿಗೆ ಕುರ್ಚಿ ಬಿಟ್ಟುಕೊಟ್ಟಳು.

* * *

ಸಭಾಂಗಣ ಬರಿದಾಯಿತು. ಕೆಳಗೆ ಹೆಂಗಸರ ನಗು ಇನ್ನೂ ಕೇಳುತ್ತಿತ್ತು.

ಇಂಜಿನಿಯರ್ ಕುರ್ಚಿಯ ಮುಂದೆ ಎವರಿಸ್ಟೊ ಬುಟ್ಟಿ ನೋಡುತ್ತಾ ನಿಂತಿದ್ದ. ಫ್ಲೋರಿಂಡಾ ಅವನಿಂದ ನಾಲ್ಕು ಹೆಜ್ಜೆ ದೂರ. ಹತ್ತಿರ ಹೋಗಲು ಕಾಲು ಬರುತ್ತಿಲ್ಲ. ಓಡಿಹೋಗಲೂ ಬರುತ್ತಿಲ್ಲ.

"ಇದು ಯಾರ ಜಾಗ?" ಕೇಳಿದ ಅವನು.

"ಈಗಷ್ಟೇ ನೀವೇ ಹೇಳಿದ್ರಲ್ಲ... ಬುಟ್ಟಿ ಇದ್ದ ಕಡೆ ಜನ ಇದ್ದಾರೆ ಅಂತ."

"ನನಗೆ ವರ್ಗ ಆಗಿದೆ ಫ್ಲೋರಿ. ನಾನೀಗ ಬೇರೆ ಊರಿನೋನು."

"ಅದಕ್ಕೇ ಕವುಚಿಟ್ಟಿದ್ದು." ಅವಳ ಕಣ್ಣು ತುಂಬಿ ಬಂತು. "ಹೋದವರು ವಾಪಸ್ ಬರ್ತಾರೆ ಅಂತಲೇ ನಮ್ಮೂರಲ್ಲಿ ಬುಟ್ಟಿ ಕವುಚಿಡೋದು. ಮೆಸೇಜಿಗೆ ಉತ್ತರ ಯಾಕೆ ಕೊಡ್ಲಿಲ್ಲ? ನನ್ನ ಜೀವ ಹೋಗಿತ್ತು ಗೊತ್ತಾ?"

"ಏನು ಬರೀಬೇಕು ಅಂತ ತಿಳೀಲಿಲ್ಲ. ಬರ್ತೀನಿ ಅಂತ ಬರೆದ್ರೆ ಬಸ್ಸು ತಪ್ಪಿ ಮತ್ತೆ ಮಾತು ತಪ್ಪಿದವನಾಗ್ತೀನಿ ಅಂತ ಭಯ ಆಯ್ತು. ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತ್ತು ಕೂಡ. ಮೀನಿನ ಲಾರಿ ಹತ್ತಿ ಬಂದೆ."

ಅವಳು ಅಳುತ್ತಲೇ ನಕ್ಕಳು.

"ನಿಮ್ಮನ್ನ ಅಷ್ಟು ಜನರ ಮುಂದೆ ಮೋಸಗಾರ ಅಂದೆ. ಒಂದು ಮಾತು ಕೇಳದೆ ಎದ್ದು ಹೋದೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗತ್ತೆ ಎವರಿಸ್ಟ್..."

"ನಾನು ನಿಮ್ಮ ಮಾಂಯ್‌ನ ಸಾಯಿಸಿದ್ದೆ. ಅವರು ಕ್ಷಮಿಸಿ ಊಟ ಹಾಕಿದ್ರು," ಅಂದ ಅವನು. "ನಾನು ಅಷ್ಟೂ ಮಾಡ್ದಿದ್ರೆ ಹೇಗೆ?"

ನಾಲ್ಕು ಹೆಜ್ಜೆ ಅದು ಹೇಗೆ ಕರಗಿದವೋ! ಅವಳ ಹಣೆ ಅವನ ಒದ್ದೆ ಅಂಗಿಗೆ ತಗುಲಿತು. ಅವನ ಎದೆಬಡಿತ ಅವಳ ಕಿವಿಗೇ ಕೇಳುತ್ತಿತ್ತು. ಇಷ್ಟು ದಿನ ಒಂದು ಕಡೆ ನಿಲ್ಲದೆ ಅಲೆದ ಅವಳ ಮನಸ್ಸು ಅಲ್ಲಿ ಬಂದು ನಿಂತಿತು.

"ಹಬ್ಬದ ದಿನ, ಠರಾವು ಪಾಸಾದ ಮೇಲೆ ಒಂದು ಮಾತು ಕೇಳೋದಿದೆ ಅಂದಿದ್ರಿ," ಪಿಸುಗುಟ್ಟಿದಳು. "ಪಾಸಾಯ್ತು."

"ಸದಸ್ಯರು ಅಪ್ಪಣೆ ಕೊಟ್ರೆ..."

"ಎವರಿಸ್ಟ್! ತಾಳ್ಮೆ ಕಮ್ಮಿ ನನಗೆ!"

ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ನಗು ಮಾಯವಾಗಿತ್ತು.

"ನಿನ್ನ ಪಕ್ಕದಲ್ಲಿ ನನಗೊಂದು ಜಾಗ ಬೇಕು ಫ್ಲೋರಿ. ಕೆಲಸ ಯಾವ ಊರಲ್ಲಿದ್ರೂ ಸಂಜೆಗೆ ವಾಪಸ್ ಬರೋಕೆ... ನನ್ನ ಮದುವೆ ಆಗ್ತೀಯಾ?"

ಅವಳು ಕಣ್ಣೊರೆಸಿಕೊಂಡಳು. ಕುರ್ಚಿಯ ಕಡೆ ಕೈ ತೋರಿಸಿದಳು. "ಬುಟ್ಟಿ ತೆಗಿ. ನಾನು ತೆಗೆಯೋ ಹಾಗಿಲ್ಲ. ಜಾಗದವರೇ ತೆಗೀಬೇಕು."

ಅವನು ಕಲ್ಲನ್ನು ಕೆಳಗಿಟ್ಟ. ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ನೆಟ್ಟಗೆ ಮಾಡಿ, ಎದೆಗೆ ಅವಚಿಕೊಂಡ.

"ಮೀನು ವಾಸನೆ," ಅಂದ.

"ಅಭ್ಯಾಸ ಮಾಡ್ಕೋಬೇಕು."

"ಆಗಿ ತುಂಬ ದಿನ ಆಯ್ತು ಫ್ಲೋರಿ. ಅದಿಲ್ಲದೆ ಗುಡ್ಡದಲ್ಲಿ ನನಗೆ ಊಟವೇ ಸೇರ್ತಿರ್ಲಿಲ್ಲ."

"ಹಾಗಾದ್ರೆ ಬಾ ಮನೆಗೆ," ಅಂದಳು ಅವಳು, ಅವನ ಕೈ ಹಿಡಿದು. "ಮಾಂಯ್ ಕಾಯ್ತಿದ್ದಾಳೆ. ಮುಳ್ಳು ನಾನು ಬಿಡಿಸಿ ಕೊಡ್ತೀನಿ."